ಸಹನಳನ್ನು ಜಪಾನಿಯಲ್ಲಿ ಹೇಳುವುದು

ಜನವರಿ 5, ಭಾನುವಾರ

ಹಾಲು ಉಕ್ಕಿತು. ಒಲೆ ಮುಂದೆಯೇ ನಿಂತಿದ್ದೆ. ‘ಸೆ ಗ ತಕಾಯ್, ಸೆ ಗ ತಕಾಯ್’ ಎಂದು ಬಾಯಿಪಾಠ ನಡೆದಿತ್ತು — ಎತ್ತರ ಇದ್ದಾರೆ ಅಂತ ಅರ್ಥ. ಪಡಸಾಲೆಯಿಂದ ಇವರು ಪೇಪರ್ ಇಳಿಸದೆ, “ಬೆಳ್‌ಬೆಳಗ್ಗೆ ಯಾವ ಮಂತ್ರ ಅದು?” ಅಂದರು. ಯಾವ ಮಂತ್ರ ಅಂತ ಇವರಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದ ಹಾಗೆ ಇರುವುದು ಗೌರಿ ಹಬ್ಬದಿಂದ ನಡೆದುಕೊಂಡು ಬಂದಿದೆ.

ಚಿನಕುರಳಿ ಮೇಲೆ ಹೋಗುವ ಬಸ್ಸು ಹಿಡಿದು ಪಾಂಡವಪುರ. ತನುಶ್ರೀ ಪಾಠ. ನನ್ನ ಹಳೆ ವಿದ್ಯಾರ್ಥಿನಿಯ ಮಗಳು, ಆನ್‌ಲೈನಿನಲ್ಲೇ ಜಪಾನಿ ಕಲಿತು ಪರೀಕ್ಷೆ ಪಾಸು ಮಾಡಿದವಳು. ಮೂವತ್ತೈದು ವರ್ಷ ಮೇಡಂ ಆಗಿದ್ದೆ, ಈಗ ಕೈಕಟ್ಟಿ ಕೂತಿದ್ದೇನೆ. ಬೈಸಿಕೊಳ್ಳುವುದೂ ಒಂಥರಾ ಹಿತ.

ಇವತ್ತು ಹೊಸ ಪಾಠ, ಜನರನ್ನು ವರ್ಣಿಸುವುದು. ಅವರ ಮನೆ ಮಹಡಿಯಿಂದ ಬಸ್‌ಸ್ಟ್ಯಾಂಡ್ ಕಾಣುತ್ತದೆ. ಒಬ್ಬನನ್ನು ತೋರಿಸಿ, “ಅವರು ಹೇಗಿದ್ದಾರೆ ಹೇಳಿ ಮೇಡಂ” ಅಂದಳು.

“ಅಯ್ಯೋ, ಅವನು ನಮ್ಮ ಶೀಳನೆರೆ ಚೌಡಯ್ಯನ ಭಾಮೈದ ಕಣೆ. ಇವನ ದೊಡ್ಡಕ್ಕನ್ನ ಕೊಟ್ಟಿರೋದು —”

“ಯಾರ ಕಡೆಯವ್ರು ಅಂತ ಕೇಳ್ಲಿಲ್ಲ ನಾನು. ಕಣ್ಣಿಗೆ ಕಾಣೋದು ಹೇಳಿ.”

ನೋಡಿದೆ. ಕಾಣುವುದು ಅಂದರೆ ಏನು? ಎತ್ತರ. ಮೀಸೆ. ಕನ್ನಡಕ. ಒಂದು ಭುಜ ಸ್ವಲ್ಪ ಕೆಳಗೆ. ಎಷ್ಟೋ ಮದುವೆ ಮುಂಜಿಯಲ್ಲಿ ಎದುರೆದುರು ಕೂತು ಉಂಡಿದ್ದೇವೆ, ಆ ಮನುಷ್ಯನಿಗೆ ಕನ್ನಡಕ ಬಂದದ್ದು ನನಗೆ ಗೊತ್ತೇ ಇರಲಿಲ್ಲ.

ಜನವರಿ 8, ಬುಧವಾರ

ಮಗಳು ಸಹನ ವಿಡಿಯೋ ಕಾಲ್ ಮಾಡಿದ್ದಳು. ಅವಳು ಜಪಾನಿಗೆ ಹೋಗಿ ಇದು ಮೂರನೇ ವರ್ಷ. ವಯಸ್ಸಾದವರ ಆರೈಕೆ ಮನೆಯಲ್ಲಿ ಕೆಲಸ. ಅದೇ ಮನೆಯಲ್ಲಿ ಅಡುಗೆ ಮಾಡುವ ಹುಡುಗ ದೈಸುಕೆ. ಏಪ್ರಿಲ್‌ನಲ್ಲಿ ಇಬ್ಬರ ಮದುವೆ ರಿಜಿಸ್ಟರ್. ಇವರು ನಾಗಮಂಗಲದ ಕಡೆ ಒಂದು ಸಂಬಂಧಕ್ಕೆ ಒಪ್ಪಿಗೆ ಕೊಟ್ಟು ಬಂದಿದ್ದರು. ಸಹನ ಒಪ್ಪಲಿಲ್ಲ, ಗೌರಿ ಹಬ್ಬದ ಹೊತ್ತಿಗೆ ಅದು ಮುರಿಯಿತು. ಅವತ್ತಿನಿಂದ ಮಗಳ ಜೊತೆ ಮಾತು ಬಿಟ್ಟಿದ್ದಾರೆ. ಅವಳ ಕಾಲ್ ಬಂದರೆ ಜಗುಲಿಗೆ ಹೋಗಿ ಕೂರುತ್ತಾರೆ. ಜಗುಲಿಗೆ ಎಲ್ಲವೂ ಕೇಳಿಸುತ್ತದೆ, ಅದು ಬೇರೆ ವಿಷಯ.

ಇವತ್ತು ಅವಳು ನಗುತ್ತಾ ಹೇಳಿದಳು — “ಮೊನ್ನೆ ಡ್ಯೂಟೀಲಿ ಬೇಜಾರಾಗಿತ್ತಮ್ಮ. ದೈಸುಕೆ ಊಟಕ್ಕೆ ಕರೆದ. ಬೇಡ ಅಂದೆ. ಹೌದಾ ಅಂತ ಎರಡು ತಟ್ಟೇದೂ ಅವನೇ ತಿಂದ್ಬುಟ್ಟ!”

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ನಮ್ಮಲ್ಲಿ ಮೊದಲನೇ ‘ಬೇಡ’ ಲೆಕ್ಕಕ್ಕಿಲ್ಲ. ನೆಂಟರು ಬಂದರೂ ಅಷ್ಟೆ, ಮುನಿಸಿಕೊಂಡವರಾದರೂ ಅಷ್ಟೆ. ಬೇಡ ಅನ್ನುವುದು ಅವರ ಮರ್ಯಾದೆ, ಮತ್ತೆ ಕರೆಯುವುದು ನಮ್ಮ ಮರ್ಯಾದೆ. ಸಹನ ಅದರಲ್ಲಿ ಇನ್ನೂ ಒಂದು ಕೈ ಮುಂದೆ. ನೋವಾದರೆ ಬಾಯಿ ಬಿಡುವುದಿಲ್ಲ, ಊಟ ಬಿಡುತ್ತಾಳೆ. ಇನ್ನೊಂದು ಸಲ ಕರೆದರೆ ಮುಖ ಊದಿಸಿಕೊಂಡು ಬಂದು ಎರಡು ಮುದ್ದೆ ಉಣ್ಣುತ್ತಾಳೆ. ಕರೆಯದಿದ್ದರೆ ಬರುವುದೇ ಇಲ್ಲ. ನರ್ಸಿಂಗ್ ಓದುವಾಗ ಹಾಸ್ಟೆಲಿನಲ್ಲಿ ತಲೆಸುತ್ತಿ ಬಿದ್ದು ಡ್ರಿಪ್ಸ್ ಹಾಕಿಸಿದ್ದಾಯಿತು. ವಾರ್ಡನ್ ಹೇಳಿದ್ದು ಒಂದೇ ಮಾತು, “ಊಟ ಬೇಡ ಅಂದ್ಲು, ನಾವು ಬಲವಂತ ಮಾಡ್ಲಿಲ್ಲ.” ಅವರದೂ ತಪ್ಪಲ್ಲ.

ಈಗ ಒಂದು ದೇಶಕ್ಕೆ ದೇಶವೇ ‘ಹೌದಾ’ ಅಂತ ತಟ್ಟೆ ಎತ್ತಿಡುವಂಥದ್ದು ಸಿಕ್ಕಿದೆ ನನ್ನ ಮಗಳಿಗೆ. ಭಯ ಆಗುತ್ತದೆ.

ಮುಂದಿನ ತಿಂಗಳು ಹುಡುಗನ ತಾಯಿ, ಮೊರಿತ ಅವರು, ನನ್ನ ಜೊತೆ ಮಾತಾಡುತ್ತಾರಂತೆ. ಸಹನ ಎಂಥವಳು ಅಂತ ನನ್ನ ಬಾಯಿಂದ ಕೇಳಬೇಕಂತೆ. “ನೀನು ಕನ್ನಡದಲ್ಲಿ ಹೇಳಮ್ಮ, ನಾನು ಟ್ರಾನ್ಸ್‌ಲೇಟ್ ಮಾಡ್ತೀನಿ” ಅಂದಳು. ಬೇಡ. ಅವಳಿಗೆ ಬೇಕಾದಷ್ಟನ್ನೇ ದಾಟಿಸುತ್ತಾಳೆ. ಈ ಒಂದು ವಿಷಯ ನಾನೇ ಹೇಳಬೇಕು.

ಜನವರಿ 14, ಸಂಕ್ರಾಂತಿ

ನಾದಿನಿ ಸಿದ್ದಲಿಂಗಮ್ಮ ಬಿಂಡಿಗನವಿಲೆಯಿಂದ ಅವರೆಕಾಯಿ ಹೊತ್ತು ಬಂದಳು. ಬಿಡಿಸುತ್ತಾ ಕೂತೆವು. ಜಪಾನಿನವರ ಜೊತೆ ಏನು ಮಾತಾಡಬೇಕು ಅಂತಿದ್ದೇನೆ ಎಂದು ಹೇಳಿದೆ. ಊಟದ ವಿಷಯ ಕೇಳಿ ಕೈಯಲ್ಲಿದ್ದ ಕಾಯಿ ಕೆಳಗೆ ಹಾಕಿದಳು.

“ಅತ್ತಿಗೆ, ನಿಮ್ಗೇನು ಬುದ್ಧಿಗಿದ್ಧಿ ಕೆಟ್ಟದಾ? ಸಂಬಂಧ ಮಾತಾಡೋವಾಗ ಎಣ್ಣಿನ ಹಟ ಯಾರಾದ್ರೂ ಯೋಳ್ತಾರಾ? ಸಾವ್ರ ಸುಳ್ಳು ಯೋಳಿ ಒಂದು ಮದ್ವೆ ಮಾಡು ಅಂದವ್ರೆ. ಎತ್ತರ ಅವ್ಳೆ, ಬಣ್ಣ ಅದೆ, ಮೊಣಕಾಲುದ್ದ ಜಡೆ ಅದೆ, ಅಡ್ಗೆ ಬತ್ತದೆ — ಅಷ್ಟು ಯೋಳಿ ಬುಟ್ಬುಡಿ.”

ಅವಳು ಕೆಳಗೆ ಹಾಕಿದ ಕಾಯಿ ಎತ್ತಿಕೊಂಡು ನಾನೇ ಬಿಡಿಸಿದೆ. ಜಗುಲಿ ಕಡೆಯಿಂದ ಇವರು ಕೆಮ್ಮಿದರು. ಯಾರ ಪಕ್ಷಕ್ಕೆ ಕೆಮ್ಮಿದರೋ.

ಜನವರಿ 19, ಭಾನುವಾರ

ಸ್ವಭಾವದ ಪದಗಳು. ಯಸಾಶೀ — ಮೃದು ಸ್ವಭಾವ. ಒತೊನಾಶೀ — ಗಲಾಟೆ ಇಲ್ಲದವಳು. ಗಂಕೊ — ಹಟಮಾರಿ. ಸಹನ ಗಂಕೊ ಅಂತ ಬರೆದೆ. ತನುಶ್ರೀ ಹೊಡೆದು ಹಾಕಿದಳು. ಹೊಸ ಬೀಗರ ಮುಂದೆ ಹಾಗೆ ಹೇಳಬಾರದಂತೆ. ಸಿದ್ದಲಿಂಗಮ್ಮನಿಗೂ ಜಪಾನಿಗೂ ಇಷ್ಟು ಹೊಂದಾಣಿಕೆ ಇರುತ್ತದೆ ಅಂತ ತಿಳಿದಿರಲಿಲ್ಲ.

‘ಮೊದಲು ಬೇಡ ಅನ್ನುವವಳು, ಎರಡನೇ ಸಲ ಕರೆದರೆ ಬರುವವಳು’ — ಇದಕ್ಕೆ ಒಂದು ಪದ ಕೊಡು ಅಂದೆ. ಹುಡುಕಿದಳು. ಇಲ್ಲ. ಯೋಚಿಸಿದರೆ ಕನ್ನಡದಲ್ಲೂ ಇಲ್ಲ. ನಮ್ಮಲ್ಲಿ ಎಲ್ಲರೂ ಹಾಗೇ ಇರುವಾಗ ಪದ ಯಾಕೆ ಬೇಕು? ಕೊನೆಗೆ ಇಬ್ಬರೂ ಕೂತು ಇಡೀ ವಾಕ್ಯ ಕಟ್ಟಿದೆವು. ಕೊನೆಯ ತುಂಡು, ‘ಮೋ ಇಚಿದೊ ಯೊಂದೆ ಕುದಸಾಯ್’. ದಯವಿಟ್ಟು ಇನ್ನೊಂದು ಸಲ ಕರೆಯಿರಿ.

ಆಮೇಲೆ ಗಂಡನನ್ನು ವರ್ಣಿಸಬೇಕಿತ್ತು. ಹೆಸರು ಕೇಳಿದಳು. ನಾಲಿಗೆ ಏಳಲಿಲ್ಲ. ಚೀಟಿಯಲ್ಲಿ ಬರೆದು ತೋರಿಸಿದೆ. “ಮಂಚಯ್ಯ” ಎಂದು ಅವಳೇ ಗಟ್ಟಿಯಾಗಿ ಓದಿದಳು. ನಾಚಿಕೆಯಾಯಿತು, ಈ ವಯಸ್ಸಿನಲ್ಲಿ! ಅವರ ಭಾಷೆಯಲ್ಲಿ ಗಂಡನಿಗೆ ಶುಜಿನ್ ಅನ್ನುತ್ತಾರಂತೆ, ಯಜಮಾನ ಅಂತ. ಅದಾದರೆ ಅಡ್ಡಿಯಿಲ್ಲ. ಶುಜಿನ್ ಗಂಕೊ ದೆಸ್. ಇದನ್ನು ಅವಳು ಹೊಡೆದು ಹಾಕಲಿಲ್ಲ.

ಫೆಬ್ರವರಿ 8, ಶನಿವಾರ

ನಾಳೆ ಕಾಲ್. ವಾಕ್ಯ ಬರುತ್ತದೆ. ಸ್ನಾನದಲ್ಲಿ, ಪಾತ್ರೆ ತೊಳೆಯುವಾಗ, ದೇವರ ಮುಂದೆ — ಎಲ್ಲ ಕಡೆ ಬರುತ್ತದೆ.

ಫೆಬ್ರವರಿ 9, ಭಾನುವಾರ. ಸಂಜೆ

ಹಾಳು ಮಾಡಿದೆ.

ಮೈಸೂರು ಸಿಲ್ಕ್ ಉಟ್ಟು ಕೂತಿದ್ದೆ. ಫೋನನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿದ್ದೆ. ಆ ಕಡೆ ಮೂವರು. ಮೊರಿತ ಅವರು — ಸಣ್ಣ ಮುಖ, ಬಿಳಿ ಕೂದಲು, ಕಂದು ಸ್ವೆಟರ್, ಬೆರಳಿಗೆ ಬ್ಯಾಂಡೇಜ್. ತನುಶ್ರೀ ಪಾಠ ಇಷ್ಟಾದರೂ ಫಲ ಕೊಟ್ಟಿದೆ, ಮನುಷ್ಯರು ಕಾಣುತ್ತಾರೆ. ನನಗೆ ತಲೆಬಾಗಿಸಿದರು. ನಾನೂ ಬಾಗಿಸಿದೆ. ಅವರು ಮತ್ತೆ ಬಾಗಿಸಿದರು. ಎಲ್ಲಿ ನಿಲ್ಲಿಸಬೇಕೋ ತಿಳಿಯಲಿಲ್ಲ.

ಸಹನ ಎಂಥವಳು ಎಂದು ಕೇಳಿದರು. ಬಾಯಿ ತೆರೆದೆ. ಗಂಡಿನ ತಾಯಿ ಎದುರು ಕೂತಿದ್ದಾರೆ ಅನ್ನುವುದೊಂದೇ ತಲೆಗೆ ಹತ್ತಿತು, ಸಿದ್ದಲಿಂಗಮ್ಮ ನನ್ನ ಗಂಟಲಲ್ಲಿ ಬಂದು ಕೂತಳು. ಎತ್ತರ ಇದ್ದಾಳೆ, ಅಂದೆ. ಬೆಳ್ಳಗಿದ್ದಾಳೆ, ಅಂದೆ. ಕೂದಲು ಉದ್ದ. ಅಡುಗೆ ಚೆನ್ನಾಗಿ ಬರುತ್ತದೆ. ಗಲಾಟೆ ಇಲ್ಲ. ಹೇಳಿದ ಹಾಗೆ ಕೇಳುತ್ತಾಳೆ.

ಪರದೆಯಲ್ಲಿ ನನ್ನ ಮಗಳು ಕೂತಿದ್ದಳು. ಅವರಪ್ಪನ ಕಪ್ಪು ಬಣ್ಣ. ಕಿವಿವರೆಗೆ ಕತ್ತರಿಸಿದ ಕೂದಲು, ಕತ್ತರಿಸಿ ಎರಡು ವರ್ಷ ಆಗಿದೆ. ಅಡುಗೆ ಮಾಡುವ ಹುಡುಗ ಪಕ್ಕದಲ್ಲಿ. ಅವಳಿಗೆ ಅನ್ನ ಇಡಲೂ ಬಾರದು ಅಂತ ಅವನಿಗೆ ಗೊತ್ತಿಲ್ಲವೆ? ಮೊರಿತ ಅವರು ಒಮ್ಮೆ ಸಹನಳ ತಲೆ ನೋಡಿದರು, ಒಮ್ಮೆ ನನ್ನನ್ನು. “ಸೋ ದೆಸ್ ಕ” ಅಂದರು. ಹೌದೇ, ಅಂತ. ಎಷ್ಟು ಸಭ್ಯವಾಗಿ ಅಂದರೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕಟ್ಟಿದ ವಾಕ್ಯ ಹಾಗೇ ಉಳಿಯಿತು.

ಆಮೇಲೆ ಸಹನಳ ಮೆಸೇಜ್. “ಅದು ಯಾರ ಬಗ್ಗೆ ಹೇಳಿದ್ದಮ್ಮ? ನಾಗಮಂಗಲದವರಿಗೆ ಬೆಳ್ಳಗೆ ಮಾಡಿಸಿ ಕಳಿಸಿದ್ರಲ್ಲ ಫೋಟೋ, ಅವಳ ಬಗ್ಗೆನಾ? ಅವಳೇ ಬೇಕಿತ್ತು ಅಲ್ವಾ ನಿನಗೂ?”

‘ನಿನಗೂ’ ಅಂತ ಬರೆದಿದ್ದಾಳೆ. ಅಪ್ಪನ ಜೊತೆ ನನ್ನನ್ನೂ ಸೇರಿಸಿದಳು.

ಫೆಬ್ರವರಿ 23, ಭಾನುವಾರ

ಪಾಠಕ್ಕೆ ಹೋಗಲಿಲ್ಲ. ಸಹನ ಕಾಲ್ ಇಲ್ಲ. ಮೆಸೇಜಿಗೆ ನೀಲಿ ಗೆರೆ ಬರುತ್ತದೆ, ಉತ್ತರ ಇಲ್ಲ.

ಮಾರ್ಚ್ 2, ಭಾನುವಾರ

ಮಧ್ಯಾಹ್ನ ಇವರಿಗೂ ನನಗೂ ಸಣ್ಣ ಜಗಳ. ನಲ್ಲಿ ವಾಷರ್ ವಿಷಯ. ಊಟಕ್ಕೆ ಕರೆದೆ. “ಬ್ಯಾಡ” ಅಂದರು. ಬಡಿಸಿಟ್ಟು, ಸ್ವಲ್ಪ ತಡೆದು, “ಬನ್ನಿ, ಸಾರು ಆರ್ತದೆ” ಅಂದೆ. ಬಂದರು. ಮುಖ ಊದಿಸಿಕೊಂಡು ಎರಡು ಮುದ್ದೆ ಉಂಡರು.

ನೋಡುತ್ತಾ ಕೂತೆ. ಆ ಬಣ್ಣ. ಮುದ್ದೆ ಮುರಿಯುವ ಆ ಸಿಟ್ಟು. ಅಗಿಯುವಾಗ ಹುಬ್ಬು ಕೂಡಿಸುವುದು. ನನ್ನ ಮಗಳೇ ಎದುರು ಕೂತು ಉಣ್ಣುತ್ತಿದ್ದಳು. ಇವರಿಬ್ಬರೂ ಗೌರಿ ಹಬ್ಬದಿಂದ ಒಬ್ಬರು ಇನ್ನೊಬ್ಬರ ಎರಡನೇ ಕರೆಗೆ ಕಾಯುತ್ತಾ ಕೂತಿದ್ದಾರೆ. ಎಷ್ಟು ದಿನ ಬೇಕಾದರೂ ಕಾಯುತ್ತಾರೆ, ಆ ರಕ್ತವೇ ಅಂಥದ್ದು.

ನಾನು ಯಾಕೆ ಕಾಯುತ್ತಿದ್ದೇನೆ? ನಾನು ಆ ಜಾತಿಯವಳಲ್ಲ, ಕರೆಯುವ ಜಾತಿಯವಳು.

ಸಹನಳಿಗೆ ಕಾಲ್ ಮಾಡಿದೆ. ಎತ್ತಲಿಲ್ಲ. ಪಾತ್ರೆ ತೊಳೆದು ಮತ್ತೆ ಮಾಡಿದೆ. ಎತ್ತಿದಳು.

“ಯಾಕಮ್ಮ ಎರಡೆರಡು ಸಲ ಮಾಡ್ತೀಯಾ?”

“ನೀನು ಎರಡನೇ ಸಲಕ್ಕೆ ತಾನೆ ಬರೋಳು.”

ಅತ್ತಳು. ನಾನೂ ಅತ್ತೆ. ಕರ್ರಗೆ, ಬಾಬ್ ಕಟ್‌ನಲ್ಲಿ, ಅಡುಗೆ ಬಾರದ ನೀನೇ ನನಗೆ ಬೇಕಾದವಳು ಎಂದು ಹೇಳಿದೆ. ಇಷ್ಟು ನೇರವಾಗಿ ಎಂದೂ ಹೇಳಿರಲಿಲ್ಲ. ಒಳ್ಳೆಯ ಮಾತನ್ನು ಎದುರಿಗೆ ಆಡಿದರೆ ದೃಷ್ಟಿ ಆಗುತ್ತದೆ ಅಂತಲೇ ನಾವು ಬೆಳೆದವರು. ಆದರೆ ಆಗಲಿ, ಮೆಣಸಿನಕಾಯಿ ಇದೆ.

ಮಾರ್ಚ್ 9, ಭಾನುವಾರ. ಪಾಂಡವಪುರದಿಂದ ಬಂದ ಮೇಲೆ

ತನುಶ್ರೀ ಮನೆಯಿಂದಲೇ ಮೊರಿತ ಅವರಿಗೆ ಕಾಲ್ ಮಾಡಿದೆ. ಫ್ಯಾಮಿಲಿ ಗ್ರೂಪಿನಲ್ಲಿ ನಂಬರ್ ಇತ್ತು. ಮೊದಲೇ ಮೆಸೇಜ್ ಹಾಕಿ ಸಮಯ ಕೇಳಿದ್ದೆ. ಸಹನಳಿಗೆ ಹೇಳಿಲ್ಲ. ಹೇಳಿದರೆ ‘ಬೇಡ’ ಅನ್ನುತ್ತಿದ್ದಳು, ಇದು ಎರಡನೇ ಸಲ ಕೇಳುವಂಥ ವಿಷಯವಲ್ಲ.

ಸಿಲ್ಕ್ ಉಡಲಿಲ್ಲ. ಕಾಟನ್ ಸೀರೆ. ಹೋದ ಸಲ ಹೇಳಿದ್ದು ತಪ್ಪು, ಕ್ಷಮಿಸಿ, ಅಂದೆ. ಸಹನಳ ಕೂದಲು ಗಿಡ್ಡ. ಮೊರಿತ ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, “ಹೌದು, ಗಿಡ್ಡ” ಅಂದರು. ನಕ್ಕರು ಅಂತ ಕಾಣುತ್ತದೆ. ಎದೆ ಹಗುರವಾಯಿತು.

ಆಮೇಲೆ ಕಟ್ಟಿದ್ದನ್ನೆಲ್ಲ ಹೇಳಿದೆ. ಮಗಳು ನೋವಾದರೆ ಮಾತಾಡುವುದಿಲ್ಲ. ಊಟ ಬೇಡ ಅನ್ನುತ್ತಾಳೆ. ಆ ‘ಬೇಡ’ ಬೇಡ ಅಲ್ಲ. ಒಳಗೆ ಕೂತು ಕಾಯುತ್ತಿರುತ್ತಾಳೆ. ದಯವಿಟ್ಟು ಇನ್ನೊಂದು ಸಲ ಕರೆಯಿರಿ.

ಕೊನೆಯ ಪದ ಅರ್ಧಕ್ಕೆ ನಿಂತಿತು. ತನುಶ್ರೀ ಮುಗಿಸಲು ಬಂದಳು, ನಾನು ಕೈ ಅಡ್ಡ ಹಿಡಿದು ನಾನೇ ಮುಗಿಸಿದೆ.

ಮೊರಿತ ಅವರು ಮುಂದಕ್ಕೆ ಬಗ್ಗಿ ಕೇಳಿದರು — “ನಾನ್ ಕಾಯ್?”

ಎಷ್ಟು ಸಲ?

ನನ್ನ ಜನ್ಮದಲ್ಲಿ ಇದನ್ನು ಯಾರೂ ಕೇಳಿಲ್ಲ. ಎರಡು, ಅಂದೆ. ಯೋಚಿಸಿ, ಸಿಟ್ಟು ಜಾಸ್ತಿ ಇದ್ದರೆ ಮೂರು, ಅಂದೆ. ಅವರು ತಲೆಯಾಡಿಸಿದರು, ಔಷಧದ ಡೋಸು ಕೇಳಿಕೊಂಡವರ ಹಾಗೆ. ತಮ್ಮಲ್ಲಿ ಬೇಡ ಅಂದವರನ್ನು ಮತ್ತೆ ಕರೆಯುವುದು ಒತ್ತಾಯ ಅಂತ ಆಗುತ್ತದೆ, ತನಗೆ ಅಭ್ಯಾಸವಿಲ್ಲ ಅಂದರು. ತನುಶ್ರೀ ಅದನ್ನು ಬಿಡಿಸಿ ಹೇಳಿದಳು. ಮೊರಿತ ಅವರು ಮಾಡುತ್ತೇನೆ ಅನ್ನಲಿಲ್ಲ. ಆಗುವುದಿಲ್ಲ ಅಂತಲೂ ಅನ್ನಲಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹೇಳುವುದು ಹೇಳಿಯಾಯಿತು. ಸುಸ್ತು.

ಮಾರ್ಚ್ 30, ಯುಗಾದಿ

ಒಬ್ಬಟ್ಟು. ಸಹನ ಫೋಟೋ ಕಳಿಸು ಅಂದಳು, ಕಳಿಸಿದೆ. ಇವರಿಗೆ ವಿಷಯ ಹೇಳಿದೆ, ಮುಂದಿನ ತಿಂಗಳು ರಿಜಿಸ್ಟರ್ ಅಂತ. “ಮಾಡ್ಕೊಳ್ಳಿ, ನಾನೇನು ಬ್ಯಾಡ ಅಂದ್ನಾ?” ಅಂದರು. ಇವರ ಬಾಯಲ್ಲಿ ಇದು ಆಶೀರ್ವಾದಕ್ಕೆ ಬಹಳ ಹತ್ತಿರ. ಮಾತಾಡಿ ಅಂದೆ. ಎದ್ದು ಹೋದರು.

ಏಪ್ರಿಲ್ 14, ಸೋಮವಾರ

ಮದುವೆ ಆಯಿತಂತೆ. ಕಚೇರಿಗೆ ಹೋಗಿ ಕಾಗದ ಕೊಟ್ಟು ಬಂದರಂತೆ, ಅಷ್ಟೇ. ಓಲಗ ಇಲ್ಲ, ಧಾರೆ ಇಲ್ಲ. ಕಳಿಸಿದ ಫೋಟೋದಲ್ಲಿ ಸಹನ ನಾನು ಕೊಟ್ಟುಕಳಿಸಿದ್ದ ಹಸಿರು ಸೀರೆಯಲ್ಲಿ. ನೆರಿಗೆ ಹಿಡಿದಿರುವುದು ಮೊರಿತ ಅವರಂತೆ, ಯೂಟ್ಯೂಬ್ ನೋಡಿಕೊಂಡು. ನೆರಿಗೆ ಎಡಕ್ಕೆ ಹೋಗಿವೆ. ಇರಲಿ. ಇನ್ನು ಅವರ ಮನೆಯ ಮಹಡಿ ಮೇಲೆ ವಾಸ.

ಫೋಟೋ ತೆರೆದಿಟ್ಟೇ ಫೋನ್ ಮೇಜಿನ ಮೇಲೆ ಬಿಟ್ಟು ಹಿತ್ತಲಿಗೆ ಹೋದೆ. ಬೇಕೆಂದೇ ಬಿಟ್ಟದ್ದು. ವಾಪಸು ಬಂದಾಗ ಇವರ ಕನ್ನಡಕ ಫೋನಿನ ಪಕ್ಕದಲ್ಲಿತ್ತು, ಇವರು ಇರಲಿಲ್ಲ.

ಮೇ 18, ಭಾನುವಾರ. ಸಂಜೆ ಐದೂವರೆ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಒಂದು ತಿಂಗಳಿಂದ ಏನೂ ಬರೆದಿಲ್ಲ, ಬರೆಯುವಂಥದ್ದೂ ಇರಲಿಲ್ಲ. ಈಗ ಸಹನಳ ವಾಯ್ಸ್ ಮೆಸೇಜ್ ಬಂತು. ಪಡಸಾಲೆಯಲ್ಲೇ ಹಾಕಿದೆ. ಇವರು ಏಳುವಷ್ಟರಲ್ಲಿ ಶುರುವಾಗಿತ್ತು.

“ಅಮ್ಮ, ನಿನ್ನೆ ನನಗೂ ದೈಸುಕೆಗೂ ಜೋರು ಜಗಳ. ಇಡೀ ದಿನ ರೂಮಲ್ಲೇ ಇದ್ದೆ. ಅವನು ಊಟಕ್ಕೆ ಕರೆದ, ಬೇಡ ಅಂದೆ, ಹೋದ. ಆಮೇಲೆ ಅತ್ತೆ ಮೆಟ್ಟಿಲು ಹತ್ತಿ ಬಂದು ಕರೆದರು. ಬೇಡ ಅಂದೆ. ಇಳಿದು ಹೋದರು. ಅಷ್ಟೇ ಅಂದ್ಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂದರು ಕಣಮ್ಮ. ಬಾಗಿಲಾಚೆ ನಿಂತು ಕರೆದರು. ನಾನು ಮಾತಾಡ್ಲಿಲ್ಲ. ಮತ್ತೆ ಇಳಿದರು, ಮತ್ತೆ ಬಂದರು. ಅವರಿಗೆ ಮಂಡಿ ನೋವು. ಇಲ್ಲಿ ಯಾರೂ ಹಂಗೆ ಕರೆಯಲ್ಲಮ್ಮ, ಯಾರೂ ಕರೆಯಲ್ಲ. ಬಾಗಿಲು ತೆಗೆದೆ. ಅವರಿಗೆ ಎಷ್ಟು ಮುಜುಗರ ಆಗಿತ್ತೂಂದ್ರೆ ನನ್ನ ಮುಖಾನೂ ನೋಡ್ಲಿಲ್ಲ. ಹೋಗಿ ಉಂಡೆ. ಯಾಕೆ ಹಂಗೆ ಮಾಡಿದ್ರು ಅಂತ ಗೊತ್ತಾಗ್ಲಿಲ್ಲ. ನಿನ್ನ ನೆನಪಾಯ್ತು. ಅಪ್ಪಂದೂ.”

ಅಲ್ಲಿಗೆ ಮುಗಿಯಿತು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಇವರು ಬಾಗಿಲ ಬಳಿ ನಿಂತೇ ಇದ್ದರು. ಜಗುಲಿಗೆ ಹೋಗಿರಲಿಲ್ಲ.

“ಆಯಮ್ಮ ಯಾಕೆ ಅಷ್ಟು ಸಲ ಕರೆದ್ಲು?”

“ನಾನು ಕೇಳ್ಕೊಂಡಿದ್ದೆ.”

“ಅವ್ರ ಭಾಷೇಲಾ?”

“ಹೂಂ.”

ಗೋಡೆ ನೋಡುತ್ತಾ ನಿಂತರು. “ಯಾರೋ ಏನೋ, ಆಯಮ್ಮ ಮೂರು ಸಲ ಮೆಟ್ಲು ಅತ್ತವ್ಳೆ” ಅಂದರು. ದನಿ ಒಡೆದಿತ್ತು. “ನಾನು ಕುಂತಿದ್ದೆ ಇಲ್ಲಿ.”

ಆಮೇಲೆ ಕೈ ಚಾಚಿದರು. “ಅದೆಂಗೆ ಒತ್ಬೇಕು, ಒತ್ತಿ ಕೊಡು.”

ಒತ್ತಿ ಕೊಟ್ಟು ಅಡುಗೆಮನೆಗೆ ಬಂದಿದ್ದೇನೆ. ಎದುರಿಗೆ ನಾನಿದ್ದರೆ ಇವರಿಂದ ಆಗುವುದಿಲ್ಲ. ನಿಂತುಕೊಂಡೇ ಬರೆಯುತ್ತಿದ್ದೇನೆ. ರಿಂಗ್ ಹೋಗುತ್ತಿದೆ. ಎತ್ತಿದಳು, ‘ಅಮ್ಮಾ’ ಅಂದದ್ದು ಕೇಳಿಸಿತು.

“ಅಮ್ಮ ಅಲ್ಲ, ನಾನು ಕಣವ್ವ.” ಇವರ ದನಿ. “ಉಂಡ್ಯಾ ಮಗಾ?”

ಅವಳಿಂದ ಸದ್ದೇ ಇಲ್ಲ. ಇಷ್ಟು ತಿಂಗಳಾದ ಮೇಲೆ ಏನಂತ ಅಂದಾಳು? ಇವರು ಈಗ ಫೋನ್ ಕೆಳಗಿಡುತ್ತಾರೆ. ನನಗೆ ಗೊತ್ತು ಇವರ ಬುದ್ಧಿ, ಒಂದು ಸಲ ಕೇಳುವುದೇ ಹೆಚ್ಚು —

ಇಲ್ಲ. ಇಟ್ಟಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ಮತ್ತೆ ಕೇಳುತ್ತಿದ್ದಾರೆ.